ಬ್ಯಾಂಕಿನ ಹೆಸರು ಹೊತ್ತು ಬಂದ ಮೇಲ್

ಬಟ್ಟೆ ಒಗೆಯುವ ದೊಡ್ಡ ಯಂತ್ರ ಮತ್ತೆ ಕೈಕೊಟ್ಟಿತ್ತು. ರಿಪೇರಿಯವನು ಬಂದು ಅದರ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ನೋಡಿದ, ಒಂದೆರಡು ಕಡೆ ತಟ್ಟಿದ, ಆಮೇಲೆ ಕೈ ಒರೆಸಿಕೊಳ್ಳುತ್ತಾ, ಇನ್ನು ಇದಕ್ಕೆ ದುಡ್ಡು ಸುರಿಯಬೇಡಿ, ಹೊಸದು ತಂದುಬಿಡಿ ಎಂದು ಹೇಳಿ ಹೋದ.

ಅದು ಓರಗಿತ್ತಿಯರಿಬ್ಬರು ಸೇರಿ ನಡೆಸುತ್ತಿದ್ದ ಲಾಂಡ್ರಿ. ಮುಖ್ಯರಸ್ತೆಯ ಹಿಂದಿನ ಬೀದಿಯಲ್ಲಿ, ಕೆಳಗೆ ಕೆಲಸ, ಮೇಲೆ ಮನೆ. ಹತ್ತಿರದ ಆಸ್ಪತ್ರೆಯ ಹಾಸಿಗೆ ಬಟ್ಟೆ, ದಿಂಬಿನ ಚೀಲ, ವೈದ್ಯರ ಬಿಳಿ ಕೋಟು ಎಲ್ಲವೂ ಇಲ್ಲಿಗೇ ಬರುತ್ತಿದ್ದವು. ದೊಡ್ಡ ಸೊಸೆಯ ಗಂಡ ಬೆಳಿಗ್ಗೆ ವ್ಯಾನಿನಲ್ಲಿ ಕೊಳೆ ಗಂಟುಗಳನ್ನು ತಂದು ಇಳಿಸುತ್ತಿದ್ದ, ಸಂಜೆ ಮಡಿಸಿದ ಬಟ್ಟೆಯನ್ನು ಒಯ್ದು ಕೊಡುತ್ತಿದ್ದ. ಚಿಕ್ಕ ಸೊಸೆ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದಳು. ಬಿಲ್ಲು, ಬ್ಯಾಂಕು, ಮೇಲ್ ನೋಡುವುದು, ಸಹಾಯಕ್ಕೆ ಬರುತ್ತಿದ್ದ ಇಬ್ಬರು ಹೆಂಗಸರಿಗೆ ಸಂಬಳ ಕೊಡುವುದು ದೊಡ್ಡವಳ ಪಾಲಿಗೆ. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ದಿಂಬಿನ ಚೀಲ ಮಡಿಸುತ್ತಾ, ಮನೆಯಲ್ಲಿ ಯಾರು ಎಷ್ಟು ಹೊತ್ತು ಫೋನ್ ನೋಡಿದರು ಎಂಬುದನ್ನು ಗಮನಿಸುತ್ತಿದ್ದರು.

ದೊಡ್ಡವಳ ಹುಷಾರು ಬೀದಿಗೆಲ್ಲ ಗೊತ್ತಿತ್ತು. ಕೋಟಿನ ಜೇಬಿನಲ್ಲಿ ಉಳಿದ ಪೆನ್ನನ್ನೂ ಚೀಟಿ ಅಂಟಿಸಿ ವಾಪಸ್ ಕಳಿಸುವವಳು ಅವಳು. ಯಾರೋ ಫೋನ್ ಮಾಡಿ, ನಿಮಗೆ ಲಾಟರಿ ಬಂದಿದೆ ಎಂದಾಗ, ಹಾಗಾದರೆ ಅದನ್ನು ನೀವೇ ಇಟ್ಟುಕೊಳ್ಳಿ, ನನ್ನ ಕೈ ಒದ್ದೆಯಾಗಿದೆ ಎಂದು ಫೋನ್ ಇಟ್ಟಿದ್ದಳು. ಅತ್ತೆ ಆ ಮಾತನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಹೊಸ ಯಂತ್ರಕ್ಕೆಂದು ಇಬ್ಬರೂ ವರ್ಷಗಟ್ಟಲೆ ಕೂಡಿಟ್ಟ ಹಣ ಜಂಟಿ ಖಾತೆಯಲ್ಲಿತ್ತು. ಅಂಗಡಿಯವರಿಗೆ ಸಂಜೆಯೊಳಗೆ ಹಣ ಕಳಿಸುತ್ತೇವೆ ಎಂದು ಹೇಳಿಯೂ ಆಗಿತ್ತು. ಕೆಟ್ಟ ಯಂತ್ರದ ಪಕ್ಕದಲ್ಲಿ ಕೊಳೆ ಬಟ್ಟೆಯ ಗಂಟುಗಳು ಗೋಡೆಯೆತ್ತರ ಬೆಳೆದಿದ್ದವು. ಆಸ್ಪತ್ರೆಯಿಂದ ಬೆಳಗಿನಿಂದಲೇ ವಿಚಾರಣೆ ಶುರುವಾಗಿತ್ತು.

ಮಧ್ಯಾಹ್ನ ಊಟದ ತಟ್ಟೆ ಮುಂದಿಟ್ಟುಕೊಂಡು ದೊಡ್ಡವಳು ಫೋನಿನಲ್ಲಿ ಮೇಲ್ ತೆರೆದಳು. ಎಲ್ಲಕ್ಕಿಂತ ಮೇಲೆ ಬ್ಯಾಂಕಿನಿಂದ ಬಂದದ್ದಿತ್ತು. ಬ್ಯಾಂಕಿನ ಅದೇ ಗುರುತು, ಅದೇ ನೀಲಿ ಬಣ್ಣ, ಕೆಳಗೆ ಅದೇ ವಿಳಾಸ. ನಿಮ್ಮ ಖಾತೆಯ ವಿವರಗಳು ನವೀಕರಣಗೊಂಡಿಲ್ಲ, ಇಂದು ಸಂಜೆಯಿಂದ ಖಾತೆ ಸ್ಥಗಿತಗೊಳ್ಳಲಿದೆ, ತಪ್ಪಿಸಲು ಇಲ್ಲಿ ಒತ್ತಿ ಎಂದು ಬರೆದಿತ್ತು. ಭಾಷೆ ನಯವಾಗಿತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಅವಳ ತುತ್ತು ಅರ್ಧದಲ್ಲೇ ನಿಂತಿತು. ಇವತ್ತೇ ಹಣ ಕಳಿಸಬೇಕು, ಇವತ್ತೇ ಖಾತೆ ನಿಂತುಹೋದರೆ ಗತಿಯೇನು? ಫೋನ್ ಮಾಡಿ ಯಾರಾದರೂ ಕೇಳಿದರೆ ಏನನ್ನೂ ಹೇಳಬಾರದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇದು ಫೋನಲ್ಲ. ಬ್ಯಾಂಕಿನ ಕಾಗದದ ಹಾಗೆ ಕಾಣುವ ಮೇಲ್. ಅವಳು ಒತ್ತಿದಳು.

ಬ್ಯಾಂಕಿನದೇ ಎನ್ನಬಹುದಾದ ಪುಟ ತೆರೆಯಿತು. ಪ್ರತಿವಾರ ನೋಡುವ ಪುಟ. ಹೆಸರು, ಫೋನ್ ನಂಬರ್, ಮೇಲ್ ವಿಳಾಸ, ಪಾಸ್‌ವರ್ಡ್, ಕಾರ್ಡಿನ ನಂಬರ್ ಕೇಳಿತು. ತುಂಬಿದಳು. ಒಂದು ಒಟಿಪಿ ಬರುತ್ತದೆ, ಅದನ್ನೂ ಹಾಕಿ ಎಂದಿತು. ಫೋನಿಗೆ ಬ್ಯಾಂಕಿನಿಂದ ಸಂದೇಶ ಬಂತು. ಅವಳು ಅಂಕಿಗಳನ್ನಷ್ಟೇ ನೋಡಿದಳು, ಅದರ ಕೆಳಗಿನ ಸಾಲನ್ನು ಓದಲಿಲ್ಲ. ಅಂಕಿಗಳನ್ನು ಹಾಕಿದಳು. ಧನ್ಯವಾದಗಳು, ನಿಮ್ಮ ಖಾತೆ ಈಗ ಸುರಕ್ಷಿತವಾಗಿದೆ ಎಂದು ಹಸಿರು ಅಕ್ಷರ ಮೂಡಿತು. ದೊಡ್ಡವಳು ನೆಮ್ಮದಿಯ ಉಸಿರು ಬಿಟ್ಟು ಊಟ ಮುಗಿಸಿದಳು.

ತಟ್ಟೆ ತೊಳೆದು ಕೈ ಒರೆಸುವಾಗ ಫೋನ್ ಕುಂಯ್‌ಗುಟ್ಟಿತು. ಮತ್ತೆ ಕುಂಯ್‌ಗುಟ್ಟಿತು. ಖಾತೆಯಿಂದ ಹಣ ಹೋಗಿದೆ ಎಂಬ ಸಂದೇಶ. ಇನ್ನೊಮ್ಮೆ ಹೋಗಿದೆ ಎಂಬ ಸಂದೇಶ. ಅವಳು ಯಾರಿಗೂ ಕಳಿಸಿರಲಿಲ್ಲ. ಬಹುಶಃ ಅಂಗಡಿಯವರಿಗೆ ತಾನಾಗಿಯೇ ಹೋಯಿತೇನೋ ಎಂದು ಒಂದು ಕ್ಷಣ ಅಂದುಕೊಂಡಳು. ಹಾಗೆ ತಾನಾಗಿ ಹೋಗುವುದಿಲ್ಲ ಎಂಬುದು ಮರುಕ್ಷಣವೇ ಹೊಳೆಯಿತು. ಖಾತೆ ತೆರೆದು ನೋಡಿದಳು. ಯಂತ್ರದ ಹಣ ಅಷ್ಟೂ ಹೋಗಿತ್ತು. ಉಳಿದದ್ದು ಕೆಲಸದ ಹೆಂಗಸರ ಸಂಬಳದ ಹಣ ಮಾತ್ರ.

ಅವಳು ಕೂಗಲಿಲ್ಲ. ಯಾರನ್ನೂ ಕರೆಯಲಿಲ್ಲ. ಕೆಳಗಿಳಿದು ಬಂದು ಮಡಿಸುವ ಮೇಜಿನ ಮುಂದೆ ನಿಂತು ಮಡಿಸತೊಡಗಿದಳು. ಅಂಚಿಗೆ ಅಂಚು ಸೇರಿಸಿ, ಕೈಯಿಂದ ಒತ್ತಿ, ಒಂದರ ಮೇಲೊಂದು ಇಟ್ಟಳು. ಡ್ರೈಯರ್ ಗಿರಗಿರನೆ ತಿರುಗುತ್ತಿತ್ತು. ಕಿಟಕಿಯ ಬಳಿ ಅತ್ತೆ ಏನೋ ಕೇಳಿದರು, ಅವಳಿಗೆ ಕೇಳಿಸಲಿಲ್ಲ.

ಚಿಕ್ಕವಳು ಮಡಿಸಿದ ಕಟ್ಟು ಒಯ್ಯಲು ಬಂದವಳು ನಿಂತುಬಿಟ್ಟಳು. ಒಗೆದು ಇಸ್ತ್ರಿ ಮಾಡಿದ ಬಿಳಿ ಹಾಸುಗಳ ನಡುವೆ ಒಗೆಯದ ಹಾಸೊಂದು ಸೇರಿಕೊಂಡಿತ್ತು, ಕಂದು ಬಣ್ಣಕ್ಕೆ ತಿರುಗಿದ ರಕ್ತದ ಕಲೆಯ ಸಮೇತ. ಇಷ್ಟು ವರ್ಷಗಳಲ್ಲಿ ದೊಡ್ಡವಳ ಕೈಯಿಂದ ಹಾಗಾದದ್ದು ಅವಳು ಕಂಡಿರಲಿಲ್ಲ. ಓರಗಿತ್ತಿಯ ಮುಖ ನೋಡಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಕ್ಕಾ, ಏನಾಯ್ತು?"

ದೊಡ್ಡವಳು ಫೋನನ್ನು ಮೇಜಿನ ಮೇಲೆ ತಳ್ಳಿದಳು. ಚಿಕ್ಕವಳು ಸಂದೇಶ ಓದುತ್ತಿರುವಾಗಲೇ ಅದು ರಿಂಗಾಯಿತು. ದೊಡ್ಡವಳು ಮುಳುಗುವವಳು ಹಗ್ಗ ಹಿಡಿದ ಹಾಗೆ ಫೋನ್ ಕಿತ್ತುಕೊಂಡು ಕಿವಿಗಿಟ್ಟಳು.

ಆ ಕಡೆ ಒಂದು ಗಂಡು ದನಿ, ತುಂಬಾ ಮೃದುವಾಗಿ. ತಾನು ಬ್ಯಾಂಕಿನ ವಂಚನೆ ತಡೆ ವಿಭಾಗದವನೆಂದೂ, ಮೇಡಂ ಅವರ ಖಾತೆಯಿಂದ ಈಗಷ್ಟೇ ಹಣ ಕದ್ದಿದ್ದಾರೆಂದೂ, ಗಾಬರಿ ಬೇಡ, ಹಿಂದಕ್ಕೆ ತರಿಸುತ್ತೇವೆಂದೂ ಅವನು ಹೇಳಿದ. ಹೋದ ಮೊತ್ತವನ್ನೂ ಸರಿಯಾಗಿ ಹೇಳಿದ. ನಿಮ್ಮ ಫೋನಿಗೆ ಈಗ ಒಂದು ಒಟಿಪಿ ಬಂದಿರುತ್ತದೆ, ಅದನ್ನು ನಿಧಾನವಾಗಿ ಓದಿ ಎಂದ. ದೊಡ್ಡವಳ ಕಣ್ಣಲ್ಲಿ ನೀರು ತುಂಬಿತು, ಕೃತಜ್ಞತೆಯಿಂದ. ಸಂದೇಶ ತೆರೆದು ಮೊದಲ ಅಂಕಿ ಓದಿದಳು. ಎರಡನೆಯದನ್ನೂ ಓದಿದಳು.

ಚಿಕ್ಕವಳು ಅವಳ ಬಾಯಿಗೆ ಅಂಗೈ ಅಡ್ಡ ಇಟ್ಟು, ಇನ್ನೊಂದು ಕೈಯಿಂದ ಫೋನ್ ಕಟ್ ಮಾಡಿದಳು.

ದೊಡ್ಡವಳಿಗೆ ಸಿಟ್ಟು ಬಂತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಮೊದಲ ಸಲ ಚಿಕ್ಕವಳ ಮೇಲೆ ದನಿ ಎತ್ತಿದಳು. "ಹುಚ್ಚು ಹಿಡಿದಿದೆಯೇನೇ ನಿಂಗೆ? ಅವರು ದುಡ್ಡು ವಾಪಸ್ ಕೊಡಿಸ್ತೀನಿ ಅಂತಿದ್ರು."

"ಅಕ್ಕಾ, ದುಡ್ಡು ಹೋಗಿದ್ದು ಅವರಿಗೆ ಹೇಗೆ ಗೊತ್ತಾಯ್ತು?" ಚಿಕ್ಕವಳು ಫೋನನ್ನು ಮೇಜಿನ ಮೇಲಿಟ್ಟಳು. "ನೀನು ಇನ್ನೂ ನಂಗೇ ಹೇಳಿಲ್ಲ. ಬ್ಯಾಂಕಿನವರೇ ಆದ್ರೆ ಒಟಿಪಿ ಯಾಕೆ ಕೇಳ್ತಾರೆ?"

 ಫೋನ್ ಮತ್ತೆ ರಿಂಗಾಯಿತು. ಅದೇ ನಂಬರ್. ಮೇಜಿನ ಮೇಲೆ ಮಲಗಿದ್ದಲ್ಲೇ ಅದು ನಡುಗುತ್ತಾ, ಸರಿಯುತ್ತಾ, ಹಾಸುಗಳ ಕಟ್ಟಿಗೆ ಹೋಗಿ ತಾಗಿತು. ಇಬ್ಬರಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ. ಮನೆಯೊಳಗೆ ಕಳ್ಳ ಬಂದು, ಕದ್ದು, ಹೋಗದೆ ಅಲ್ಲೇ ನಿಂತು ಇವರನ್ನು ನೋಡುತ್ತಿದ್ದಾನೆ ಎಂದು ದೊಡ್ಡವಳಿಗೆ ಅನಿಸಿತು.  ಕೊಳೆ ಗಂಟಿನ ಮೇಲೇ ಕುಸಿದು ಕೂತಳು.

ಅತ್ತೆ ಕುರ್ಚಿಯಿಂದ ಎದ್ದು ಬಂದರು. ಏನು ನಡೆದಿದೆ ಎಂಬುದು ಅವರಿಗೆ ಪೂರ್ತಿ ತಿಳಿಯಲಿಲ್ಲ. ಅಳುವುದಾದರೆ ಆಮೇಲೆ ಅಳಿ, ಕಳ್ಳ ನುಗ್ಗಿದ್ದರೆ ಮೊದಲು ಬಾಗಿಲು ಹಾಕಿ ಎಂದರು. ಖಾತೆಯ ಬಾಗಿಲು ಹಾಕಬೇಕೆಂದು ಚಿಕ್ಕವಳಿಗೆ ಹೊಳೆಯಿತು. ಮೇಲೆ ಓಡಿಹೋಗಿ ದೊಡ್ಡವಳ ಚೀಲದಿಂದ ಬ್ಯಾಂಕಿನ ಕಾರ್ಡ್ ತಂದಳು. ದೊಡ್ಡವಳು ನಡೆದದ್ದನ್ನು ಹೇಳಿ ತೋರಿಸಿದ ಮಧ್ಯಾಹ್ನದ ಮೇಲ್‌ನಲ್ಲೂ ಒಂದು ಸಹಾಯವಾಣಿ ನಂಬರ್ ಇತ್ತು. ಅದಕ್ಕೆ ಅವಳು ಕೈ ಹಚ್ಚಲಿಲ್ಲ. ಕಾರ್ಡಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ನಂಬರನ್ನು ತನ್ನ ಫೋನಿನಿಂದ ಒತ್ತಿದಳು.

ಬ್ಯಾಂಕಿನವರು ಖಾತೆಯಿಂದ ಹಣ ಹೊರಹೋಗುವ ಎಲ್ಲ ದಾರಿಗಳನ್ನೂ ಆ ಕರೆಯಲ್ಲೇ ಮುಚ್ಚಿದರು. ಕಾರ್ಡ್ ನಿಲ್ಲಿಸಿದರು. ಸಂಬಳದ ಹಣ ಉಳಿದಿದೆ ಎಂದರು. ಅದನ್ನು ಎತ್ತಲು ಯಾರೋ ಆಗಲೇ ಪ್ರಯತ್ನ ಮಾಡಿದ್ದರು, ಒಟಿಪಿ ಪೂರ್ತಿ ಸಿಗದೆ ಕೈಬಿಟ್ಟಿದ್ದರು. ಚಿಕ್ಕವಳು ಇದನ್ನು ಕೇಳಿ ತನ್ನ ಅಂಗೈಯನ್ನೇ ಒಮ್ಮೆ ನೋಡಿಕೊಂಡಳು. ಸೈಬರ್ ವಂಚನೆಯ ಪೊಲೀಸ್ ಸಹಾಯವಾಣಿಗೆ ತಕ್ಷಣ ದೂರು ಕೊಡಿ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಬೇಗ ಹೇಳಿದಷ್ಟೂ ಹಿಡಿಯುವುದು ಸುಲಭ, ಆಮೇಲೆ ಆ ಮೇಲ್ ಸಮೇತ ಶಾಖೆಗೆ ಬನ್ನಿ ಎಂದು ಬ್ಯಾಂಕಿನವರು ಹೇಳಿದರು. ಅಷ್ಟರಲ್ಲಿ ದೊಡ್ಡವಳು ಹೇಸಿಗೆಯಿಂದ ಆ ಮೇಲನ್ನು ಅಳಿಸಲು ಹೊರಟಿದ್ದಳು. ಚಿಕ್ಕವಳು ತಡೆದಳು. ಕಳ್ಳ ಬಿಟ್ಟುಹೋದ ಗುರುತು ಅದೊಂದೇ.

ಇಬ್ಬರೂ ಪೊಲೀಸರ ಸಹಾಯವಾಣಿಗೆ ದೂರು ಬರೆಸಿ ಶಾಖೆಗೆ ಹೊರಡುವಷ್ಟರಲ್ಲಿ ದೊಡ್ಡವಳ ಗಂಡ ವ್ಯಾನ್ ತಂದು ನಿಲ್ಲಿಸಿದ. ನಡೆದದ್ದನ್ನು ಕೇಳಿ ಸ್ಟೀರಿಂಗ್ ಹಿಡಿದಂತೆಯೇ ಕೂತುಬಿಟ್ಟ.  ಆಮೇಲೆ ಬಂದ ಮಾತು ಇಬ್ಬರಿಗೂ ಹಿಡಿಸಲಿಲ್ಲ.

"ಹೋಗಿದ್ದು ಹೋಯ್ತು. ಇದನ್ನ ಯಾರ ಹತ್ರಾನೂ ಎತ್ತಬೇಡಿ."

ಬ್ಯಾಂಕಿನವರು ಮುಸಿಮುಸಿ ನಗುತ್ತಾರೆ, ಪೊಲೀಸರು ಅಲೆದಾಡಿಸುತ್ತಾರೆ, ಹೋದ ಹಣ ಯಾರ ಅಪ್ಪನಿಗೂ ವಾಪಸ್ ಬಂದದ್ದಿಲ್ಲ ಎಂಬುದು ಅವನ ವಾದ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಸುದ್ದಿ ಆಸ್ಪತ್ರೆಗೆ ಮುಟ್ಟಿದರೆ, ಸ್ವಂತ ದುಡ್ಡನ್ನೇ ಕಾಪಾಡಿಕೊಳ್ಳಲಾಗದವರು ನಮ್ಮ ಬಟ್ಟೆಯನ್ನೇನು ಕಾಪಾಡುತ್ತಾರೆ ಎಂದು ಕೆಲಸ ಕಿತ್ತುಕೊಂಡರೆ? ಇಷ್ಟಕ್ಕೂ ನಮ್ಮಂಥ ಬಟ್ಟೆ ಒಗೆಯುವವರ ಮೇಲೆ ಇಷ್ಟು ದೊಡ್ಡ ಕಳ್ಳರಿಗೆ ಕಣ್ಣು ಯಾಕೆ, ಎಲ್ಲೋ ಏನೋ ತಪ್ಪಾಗಿದೆ, ನಾಳೆ ತಾನಾಗಿ ಸರಿಹೋಗುತ್ತದೆ ಎಂದೂ ಸೇರಿಸಿದ. ದೊಡ್ಡವಳು ತಲೆ ತಗ್ಗಿಸಿ ನಿಂತಿದ್ದಳು. ಗಂಡ ಬೈದಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳೇನೋ. ಮುಚ್ಚಿಡು ಎಂದದ್ದು ಅವಳನ್ನು ಇನ್ನಷ್ಟು ಕುಗ್ಗಿಸಿತು.

ಅತ್ತೆ ಮಗನ ಕಡೆ ನೋಡಿದರು. "ಕದ್ದೋನು ರಾಜಾರೋಷವಾಗಿ ಫೋನ್ ಮಾಡ್ತಾನೆ, ನೀನು ಬಾಯಿ ಮುಚ್ಕೊಂಡಿರೋಣ ಅಂತೀಯ. ಮೊದಲು ಗಾಡಿ ತೆಗಿ."

ಅವನು ಗಾಡಿ ತೆಗೆದ. ಮನಸ್ಸಿಲ್ಲದ ಮನಸ್ಸಿನಿಂದ.

ಶಾಖೆಯ ಕೌಂಟರಿನಲ್ಲಿದ್ದ ಹೆಂಗಸು ಇವರನ್ನು ಮುಖ ನೋಡಿ ಬಲ್ಲವಳು, ಲಾಂಡ್ರಿಯ ಹಣ ಕಟ್ಟಲು ಬಂದಾಗಲೆಲ್ಲ ಎರಡು ಮಾತಾಡುತ್ತಿದ್ದವಳು. ಅವಳು ನಗಲಿಲ್ಲ. ಹೀಗೇಕೆ ಮಾಡಿದಿರಿ ಎಂದೂ ಕೇಳಲಿಲ್ಲ. ಮೂವರನ್ನೂ ಒಳಗಿನ ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ದೂರಿನ ನಂಬರ್ ಬರೆದುಕೊಂಡಳು. ಆಮೇಲೆ ದೊಡ್ಡವಳ ಫೋನ್ ತೆಗೆದುಕೊಂಡು ಆ ಮೇಲ್ ತೆರೆದಳು.

ಕಳಿಸಿದವರ ಜಾಗದಲ್ಲಿ ಬ್ಯಾಂಕಿನ ಹೆಸರೇ ಇತ್ತು. ಕೌಂಟರಿನವಳು ಆ ಹೆಸರಿನ ಮೇಲೆ ಬೆರಳಿಟ್ಟಳು. ಅದರ ಕೆಳಗಿಂದ ಪೂರ್ತಿ ವಿಳಾಸ ಬಿಚ್ಚಿಕೊಂಡಿತು. ಯಾವುದೋ ಗೊತ್ತುಗುರಿಯಿಲ್ಲದ ಅಕ್ಷರಗಳ ಸಾಲು, ಅದರಲ್ಲಿ ಬ್ಯಾಂಕಿನ ಹೆಸರಿನ ಸುಳಿವೂ ಇಲ್ಲ. ಮೇಲೆ ಕಾಣುವ ಹೆಸರನ್ನು ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು, ಗಮನಿಸಬೇಕಾದದ್ದು ಇದನ್ನು ಎಂದಳು. ಇಲ್ಲಿ ಒತ್ತಿ ಎಂಬಲ್ಲಿ ಬೆರಳನ್ನು ಒತ್ತಿ ಹಿಡಿದಳು. ತೆರೆಯುವ ಮುನ್ನವೇ ಅದು ಎಲ್ಲಿಗೆ ಒಯ್ಯುತ್ತದೆ ಎಂಬ ವಿಳಾಸ ಕಂಡಿತು. ಅದರಲ್ಲೇನೋ ಬ್ಯಾಂಕಿನ ಹೆಸರಿತ್ತು, ಆದರೆ ಬಾಲಕ್ಕೆ ಬೇರೇನೋ ಅಂಟಿತ್ತು. ಎಲ್ಲಕ್ಕಿಂತ ಮೇಲಿನ ಸಾಲು ಓದಿಸಿದಳು. ಗೌರವಾನ್ವಿತ ಗ್ರಾಹಕರೇ, ಅಷ್ಟೇ. ನಿಮ್ಮ ಖಾತೆ ಇರುವ ಬ್ಯಾಂಕಿಗೆ ನಿಮ್ಮ ಹೆಸರು ಗೊತ್ತಿರುವುದಿಲ್ಲವೇ ಎಂದು ಕೇಳಿದಳು.

ದೊಡ್ಡವಳು ಆ ವಿಳಾಸವನ್ನೇ ನೋಡುತ್ತಾ ಕೂತಳು. ಇಷ್ಟು ಹತ್ತಿರ ಇತ್ತು, ಒಂದು ಬೆರಳಿನ ದೂರದಲ್ಲಿ.

"ಇಂಥ ಮೇಲ್‌ಗಳಲ್ಲಿ ತಪ್ಪು ತಪ್ಪು ಅಕ್ಷರ ಇರುತ್ತೆ ಅಂತ ಕೇಳಿದ್ದೆ ಮೇಡಂ. ಇದರಲ್ಲಿ ಒಂದೂ ಇರಲಿಲ್ಲ. ಆ ಪುಟದ ವಿಳಾಸದ ಪಕ್ಕ ಬೀಗದ ಗುರುತೂ ಇತ್ತು."

"ಈಗ ಅವರು ತಪ್ಪಿಲ್ಲದೇನೇ ಬರೀತಾರೆ. ಬೀಗದ ಗುರುತು ಕಳ್ಳರ ಪುಟಕ್ಕೂ ಸಿಗುತ್ತೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಮೇಲ್ ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡ್ತಾ ಕೂರಬೇಡಿ. ಅದು ತೋರಿಸೋ ಬಾಗಿಲಿಂದ ಒಳಗೆ ಹೋಗಲೇಬೇಡಿ. ಬ್ಯಾಂಕಿನ ಆಪ್ ನೀವೇ ತೆರೀರಿ, ಇಲ್ಲ ಕಾರ್ಡಿನ ಹಿಂದಿರೋ ನಂಬರಿಗೆ ಫೋನ್ ಮಾಡಿ. ಖಾತೆಗೆ ನಿಜವಾಗ್ಲೂ ಏನಾದ್ರೂ ಆಗಿದ್ರೆ ಅಲ್ಲಿ ಗೊತ್ತಾಗುತ್ತೆ."

ಪಾಸ್‌ವರ್ಡ್, ಪಿನ್, ಒಟಿಪಿ ಇವುಗಳನ್ನು ಬ್ಯಾಂಕು ಮೇಲ್ ಮಾಡಿಯಾಗಲೀ ಫೋನ್ ಮಾಡಿಯಾಗಲೀ ಕೇಳುವುದಿಲ್ಲ ಎಂದೂ ಅವಳು ಹೇಳಿದಳು. ಬ್ಯಾಂಕು ಕಳಿಸಿದ ಒಟಿಪಿಯ ಸಂದೇಶವನ್ನು ತೆರೆದು ಕೆಳಗಿನ ಸಾಲನ್ನು ದೊಡ್ಡವಳ ಕೈಯಲ್ಲೇ ಓದಿಸಿದಳು. ಹೊಸಬರೊಬ್ಬರ ಖಾತೆಗೆ ಹಣ ಕಳಿಸಲು ಈ ಅಂಕಿ, ಇದನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ.  ಎಲ್ಲವೂ ಅಲ್ಲೇ ಬರೆದಿತ್ತು. ನಿಮ್ಮನ್ನು ದಡ್ಡಿ ಎಂದು ಅವರು ಹಿಡಿಯಲಿಲ್ಲ, ಅವಸರದಲ್ಲಿದ್ದಾಗ ಹಿಡಿದರು, ಅದಕ್ಕೇ ಸಂಜೆಯೊಳಗೆ ಎಂಬ ಗಡುವು ಇಡುವುದು ಎಂದು ಕೌಂಟರಿನವಳು ಅವಳ ಮೊಣಕೈ ಹಿಡಿದು ಹೇಳಿದಳು.

ಇಷ್ಟು ಹೊತ್ತೂ ದೊಡ್ಡವಳ ಗಂಡ ಬೆಂಚಿನ ತುದಿಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದ. ಪರಿಚಯದವರು ಯಾರಾದರೂ ಒಳಬಂದರೆ ಎಂಬ ಆತಂಕ. ಆಗ ಅವನ ಫೋನ್ ರಿಂಗಾಯಿತು. ಆಸ್ಪತ್ರೆಯ ಲೆಕ್ಕದ ಕಚೇರಿಯ ಹಿರಿಯರು. ಅವನು ಹೆದರಿಕೊಂಡೇ ಎತ್ತಿದ. ಬಟ್ಟೆ ತಡವಾಯಿತೆಂದು ಕೇಳುತ್ತಾರೆ ಅಂದುಕೊಂಡಿದ್ದ.

ಹಿರಿಯರು ಬಟ್ಟೆಯ ವಿಷಯ ಎತ್ತಲಿಲ್ಲ. ನಿಮ್ಮ ಮನೆಯವರಿಂದ ಈಗ ಮೇಲ್ ಬಂದಿದೆ, ಬ್ಯಾಂಕ್ ಖಾತೆ ಬದಲಾಗಿದೆಯಂತೆ, ಈ ತಿಂಗಳ ಹಣವನ್ನು ಹೊಸ ಖಾತೆಗೆ ಇವತ್ತೇ ಹಾಕಿ ಎಂದು ಬರೆದಿದ್ದಾರೆ, ಅವರದೇ ವಿಳಾಸದಿಂದ ಬಂದಿದೆ ನಿಜ, ಆದರೂ ದುಡ್ಡಿನ ವಿಷಯ, ಒಮ್ಮೆ ಬಾಯಿಮಾತಲ್ಲಿ ಕೇಳಿಬಿಡೋಣ ಎಂದು ನನ್ನ ಬಳಿ ಮೊದಲಿಂದ ಇದ್ದ ನಿಮ್ಮ ನಂಬರಿಗೆ ಮಾಡಿದೆ ಎಂದರು.

ಅವನು ಫೋನಿಗೆ ಅಂಗೈ ಮುಚ್ಚಿದ. ಹೆಂಡತಿಯ ಕಡೆ ತಿರುಗಿದ. "ನೀನು ಆಸ್ಪತ್ರೆಗೆ ಮೇಲ್ ಕಳಿಸಿದ್ಯಾ?"

ದೊಡ್ಡವಳು ಇಲ್ಲವೆಂದು ತಲೆಯಾಡಿಸಿದಳು. ತನ್ನ ಮೇಲ್ ಪೆಟ್ಟಿಗೆಯಲ್ಲಿ ಕಳಿಸಿದ್ದರ ಪಟ್ಟಿಯನ್ನು ತೆರೆದಳು. ಅಲ್ಲಿತ್ತು. ಅವಳ ಹೆಸರಿನಲ್ಲಿ, ಅವಳು ಬರೆಯುವ ಧಾಟಿಯಲ್ಲೇ, ಕೊನೆಗೆ ಅವಳು ಯಾವಾಗಲೂ ಹಾಕುವ ನಮಸ್ಕಾರದ ಸಮೇತ. ಅವಳು ಇಲ್ಲಿ ಕೂತು ನೀರು ಕುಡಿಯುತ್ತಿದ್ದಾಗ ಎಲ್ಲೋ ಯಾರೋ ಅವಳಾಗಿ ಕೂತು ಕಾಗದ ಬರೆದಿದ್ದರು. ಹಣ ಹೋದದ್ದಕ್ಕಿಂತ ಇದು ಅವಳಿಗೆ ಹೆಚ್ಚು ಚುಚ್ಚಿತು. 

ಬ್ಯಾಂಕಿಗೂ ಮೇಲ್‌ಗೂ ಒಂದೇ ಪಾಸ್‌ವರ್ಡ್ ಇತ್ತೇ ಎಂದು ಕೌಂಟರಿನವಳು ಕೇಳಿದಳು. ಇತ್ತು. ಮರೆತುಹೋಗಬಾರದೆಂದು ಎಲ್ಲದಕ್ಕೂ ಒಂದೇ ಇಟ್ಟಿದ್ದಳು. ಆ ಕಳ್ಳಪುಟದಲ್ಲಿ ಮೇಲ್ ವಿಳಾಸವನ್ನೂ ಪಾಸ್‌ವರ್ಡನ್ನೂ ಅವಳೇ ಬರೆದುಕೊಟ್ಟಿದ್ದಳು. ಒಂದು ಬೀಗದ ಕೈ ಸಿಕ್ಕವರಿಗೆ ಮನೆಯ ಎಲ್ಲ ಕೋಣೆಗಳೂ ತೆರೆದುಕೊಂಡಿದ್ದವು. ಚಿಕ್ಕವಳು ಅಲ್ಲೇ ಕೂತು ಮೇಲ್‌ನ ಪಾಸ್‌ವರ್ಡ್ ಬದಲಿಸಿದಳು, ಬೇರೆ ಕಡೆ ಯಾರಾದರೂ ಒಳಗಿದ್ದರೆ ಹೊರಹಾಕುವ ಆಯ್ಕೆಯನ್ನೂ ಒತ್ತಿದಳು.

ದೊಡ್ಡವಳ ಗಂಡ ಇನ್ನೂ ಫೋನ್ ಹಿಡಿದೇ ಇದ್ದ. ಆ ಕಡೆಯಿಂದ ಹಿರಿಯರು, ಹಲೋ, ಏನಂತ ಮಾಡಲಿ ಎಂದು ಕೇಳುತ್ತಿದ್ದರು. ಇಷ್ಟು ಹೊತ್ತು ಯಾರಿಗೂ ಹೇಳಬೇಡಿ ಎಂದವನು, ಯಾರಿಗೆ ಎಲ್ಲರಿಗಿಂತ ಹೆಚ್ಚು ಹೆದರಿದ್ದನೋ ಅವರಿಗೇ ಹೇಳಿದ.

"ಸಾರ್, ಹಣ ಹಾಕಬೇಡಿ. ಅದು ನಾವು ಬರೆದಿದ್ದಲ್ಲ. ನಮಗೆ ಮೋಸ ಆಗಿದೆ."

ಆ ಮಾತು ಆಡಿದ ಮೇಲೆ ಅವನ ಭುಜ ಇಳಿಯಿತು. ಹಿರಿಯರು, ಸದ್ಯ ಕೇಳಿದ್ದು ಒಳ್ಳೆಯದಾಯಿತು, ನಮ್ಮ ಬೇರೆ ಗುತ್ತಿಗೆದಾರರಿಗೂ ಈಗಲೇ ಹೇಳುತ್ತೇನೆ, ನೀವು ಬಟ್ಟೆಗೆ ಆತುರ ಮಾಡಬೇಡಿ ಎಂದರು. ಕೆಲಸ ಕಿತ್ತುಕೊಳ್ಳುವ ಮಾತೇ ಬರಲಿಲ್ಲ. ವಾಪಸ್ ಬರುವಾಗ ವ್ಯಾನಿನಲ್ಲಿ ಅವನು ಹೆಂಡತಿಗೆ ಒಂದೇ ಮಾತು ಹೇಳಿದ. ನಾನು ಹೇಳಿದ ಹಾಗೆ ಮುಚ್ಚಿಟ್ಟಿದ್ದರೆ ನಿನ್ನ ಹೆಸರಲ್ಲಿ ಇನ್ನೆಷ್ಟು ಜನ ಹಾಳಾಗುತ್ತಿದ್ದರೋ ಎಂದ.

ಹೋದ ಹಣದ ಒಂದು ಪಾಲನ್ನು ಪೊಲೀಸರು ದಾರಿಯಲ್ಲೇ ತಡೆದಿದ್ದರು. ದೂರು ಬೇಗ ಮುಟ್ಟಿದ್ದರಿಂದ ಅದು ಕಳ್ಳರ ಖಾತೆಯಲ್ಲೇ ಸಿಕ್ಕಿಬಿದ್ದಿತ್ತು. ಕೆಲವು ವಾರಗಳ ಓಡಾಟದ ನಂತರ ಅದು ಕೈಗೆ ಬಂತು. ಉಳಿದದ್ದು ಬರಲಿಲ್ಲ. ಹೊಸ ಯಂತ್ರದ ಆಸೆ ಮುಂದಕ್ಕೆ ಹೋಯಿತು. ಬಂದ ಹಣದಲ್ಲಿ ಯಾರೋ ಬಳಸಿದ ಯಂತ್ರವೊಂದನ್ನು ತಂದರು. ಅದು ತಿರುಗುವಾಗ ಇಡೀ ಮನೆ ಅದುರುತ್ತಿತ್ತು. ಪರವಾಗಿಲ್ಲ, ಯಾರೂ ನಿದ್ದೆ ಹೋಗುವುದಿಲ್ಲ ಎಂದು ಅತ್ತೆ ಸಮಾಧಾನ ಹೇಳಿದರು.

ಆ ದಿನಗಳಲ್ಲೇ ಇನ್ನೊಂದು ಮೇಲ್ ಬಂತು. ಕಳೆದುಹೋದ ನಿಮ್ಮ ಹಣ ಮರಳಿಸಲು ಸಿದ್ಧವಿದೆ, ವಿವರ ತುಂಬಿ ಎಂದು. ಈ ಸಲ ಅದನ್ನು ಕಂಡವನು ದೊಡ್ಡವಳ ಗಂಡ. ಅವನು ಒತ್ತಲಿಲ್ಲ. ಕಾರ್ಡ್ ತೆಗೆದು ಬ್ಯಾಂಕಿಗೆ ಫೋನ್ ಮಾಡಿದ. ಅಂಥದ್ದೇನೂ ಕಳಿಸಿಲ್ಲ ಎಂದು ಅವರು ಹೇಳಿದರು. ಒಮ್ಮೆ ಸಿಕ್ಕಿಬಿದ್ದವರ ಬಾಗಿಲನ್ನು ಕಳ್ಳರು ಮತ್ತೆ ತಟ್ಟುತ್ತಾರೆ ಎಂಬುದು ಆಗ ಎಲ್ಲರಿಗೂ ತಿಳಿಯಿತು.

ಒಂದು ಬೆಳಿಗ್ಗೆ ದೊಡ್ಡವಳು ಆ ಮೊದಲ ಮೇಲನ್ನು ದೊಡ್ಡ ಕಾಗದದಲ್ಲಿ ಪ್ರಿಂಟ್ ಹಾಕಿಸಿ ತಂದಳು. ಅದರ ಕೆಳಗೆ ಮಾರ್ಕರಿನಿಂದ ಬರೆದಳು: ಇದು ಬ್ಯಾಂಕಿನದಲ್ಲ. ನಾನು ನಂಬಿದೆ. ನೀವು ನಂಬಬೇಡಿ. ಬೀದಿಗೆ ಕಾಣುವಂತೆ ಲಾಂಡ್ರಿಯ ಗಾಜಿನ ಬಾಗಿಲಿಗೆ ಅಂಟಿಸಲು ನಿಂತಳು. ಗಂಡ ಬಂದು ಟೇಪ್ ಕತ್ತರಿಸಿ ಕೊಟ್ಟ.

ಜನ ನಿಂತು ಓದಿದರು. ಕೆಲವರು ನಕ್ಕರು, ಇಷ್ಟು ಹುಷಾರಿನವಳೂ ಬಿದ್ದಳೇ ಎಂದರು. ಹೆಚ್ಚಿನವರು ನಗಲಿಲ್ಲ. ಅಂಥದ್ದೇ ಮೇಲ್ ನನಗೂ ಬಂದಿದೆ ಎಂದು ಒಬ್ಬಿಬ್ಬರು ಫೋನ್ ತೆರೆದು ತೋರಿಸಿದರು.

ಪಕ್ಕದ ಟೈಲರ್ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತ. ಬಹಳ ತಿಂಗಳಿಂದ ಅವನ ಅಂಗಡಿಯ ಬಾಗಿಲು ಅರ್ಧ ತೆರೆದು ಅರ್ಧ ಮುಚ್ಚಿದಂತೆ ಇತ್ತು. ಮಂಡಿನೋವು, ಮೊದಲಿನ ಹಾಗೆ ಯಂತ್ರ ತುಳಿಯಲಾಗುವುದಿಲ್ಲ ಎಂದು ಹೇಳುತ್ತಿದ್ದ, ಬೀದಿಯವರೂ ನಂಬಿದ್ದರು. ಜನ ಚದುರಿದ ಮೇಲೆ ಅವನು ಒಳಬಂದ. ದೊಡ್ಡವಳ ಮುಖ ನೋಡದೆ, ಮಡಿಸಿಟ್ಟ ಹಾಸಿನ ಅಂಚನ್ನು ಬೆರಳಿನಿಂದ ಸವರುತ್ತಾ ಮಾತಾಡಿದ.

"ತಂಗೀ, ನಂಗೂ ಇದೇ ಬಂದಿತ್ತು. ಇದೇ ನೀಲಿ ಬಣ್ಣ. ಮನೇಲಿ ಇನ್ನೂ ಹೇಳಿಲ್ಲ."

ಮಂಡಿಗೆ ಏನೂ ಆಗಿರಲಿಲ್ಲ. ಬಟ್ಟೆ, ಗುಂಡಿ, ದಾರ ತರಲು ದುಡ್ಡೇ ಇರಲಿಲ್ಲ. ಆವತ್ತಿನಿಂದ ಆ ಖಾತೆಯ ಕಡೆ ತಲೆ ಹಾಕಲೂ ಹೆದರಿದ್ದ. ಫೋನ್ ಕುಂಯ್ ಎಂದರೆ ಬೆಚ್ಚಿಬೀಳುತ್ತೇನೆಂದು ಸಂದೇಶ ಬರದ ಹಾಗೆ ಮಾಡಿಕೊಂಡಿದ್ದ. ಇಷ್ಟು ತಿಂಗಳಾದ ಮೇಲೂ ದೂರು ಕೊಡಬಹುದೇ ಎಂದು ಕೇಳಿದ. ದೊಡ್ಡವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಣ್ಣ, ಕೇಳೋಣ ಬನ್ನಿ ಎಂದು ಕೈ ಒರೆಸಿಕೊಂಡು ಅವನ ಜೊತೆಗೇ ಬ್ಯಾಂಕಿಗೆ ಹೊರಟಳು.

ದೂರು ಈಗಲೂ ಕೊಡಬಹುದು, ಕೊಡಲೇಬೇಕು ಎಂದು ಕೌಂಟರಿನವಳು ಹೇಳಿದಳು. ಆಮೇಲೆ ಅವನ ಖಾತೆ ತೆರೆದು ನೋಡಿದಳು. ಪರದೆಯನ್ನು ಅವನ ಕಡೆ ತಿರುಗಿಸಿದಳು.

ದೂರದಲ್ಲಿದ್ದ ಅವನ ಅಕ್ಕ, ತಮ್ಮನಿಗೆ ಮಂಡಿನೋವೆಂದು ಕೇಳಿ, ಔಷಧಕ್ಕಿರಲಿ ಎಂದು ಅವನಿಗೂ ಹೇಳದೆ ಆಗಾಗ ಆ ಖಾತೆಗೆ ಹಣ ಹಾಕುತ್ತಿದ್ದಳು. ಹಾಕಿದ್ದೆಲ್ಲ ಬಂದ ದಿನವೇ ಹೊರಹೋಗಿತ್ತು. ಅವನು ಪಾಸ್‌ವರ್ಡ್ ಬದಲಿಸಿರಲಿಲ್ಲ, ಕಾರ್ಡ್ ನಿಲ್ಲಿಸಿರಲಿಲ್ಲ, ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಒಟಿಪಿ ತಮ್ಮ ಫೋನಿಗೇ ಬರುವ ಹಾಗೆ ಮಾಡಿಕೊಂಡು ಕಳ್ಳರು ಒಳಗೇ ಇದ್ದರು, ಇಷ್ಟು ತಿಂಗಳೂ.

ಟೈಲರ್ ಪರದೆಯಲ್ಲಿ ಕಂಡ ಅಕ್ಕನ ಹೆಸರಿನ ಮೇಲೆ ಬೆರಳಿಟ್ಟ. ಅಕ್ಕ ಹಾಕಿದ್ದಾಳೆಯೇ, ಅಕ್ಕ ಹಾಕುತ್ತಿದ್ದಾಳೆಯೇ ಎಂದು ಅದೊಂದನ್ನೇ ಮತ್ತೆ ಮತ್ತೆ ಕೇಳಿದ. ದೊಡ್ಡವಳು ಅವನ ಪಕ್ಕದಲ್ಲೇ ಇದ್ದಳು. ಕೌಂಟರಿನವಳು ಆ ಖಾತೆಯ ಬಾಗಿಲು ಮುಚ್ಚುವವರೆಗೂ ಇದ್ದಳು. ಆಮೇಲೆ ಪೊಲೀಸ್ ಠಾಣೆಗೆ ಅವನ ಜೊತೆ ಹೋದಳು. ಅಲ್ಲಿಂದ ಅವನ ಮನೆಗೂ ಹೋದಳು, ಹೆಂಡತಿಗೆ ಹೇಳುವಾಗ ಅವನು ಒಬ್ಬನೇ ಇರಬಾರದೆಂದು.

ಇದನ್ನು ಓದುತ್ತಿರುವವರೇ, ಯಾರೋ ಓದಿ ಹೇಳುತ್ತಿರುವುದನ್ನು ಕೇಳುತ್ತಿರುವವರೇ, ನಿಮ್ಮ ಬ್ಯಾಂಕಿನ ಹೆಸರು ಹೊತ್ತ ಇಂಥದ್ದೊಂದು ಮೇಲ್ ನಿಮಗೂ ಬರುತ್ತದೆ. ಬಂದೂ ಇರಬಹುದು. ಅದು ನಿಮ್ಮನ್ನು ಹೆದರಿಸುತ್ತದೆ, ಇವತ್ತೇ ಮಾಡಿ ಎಂದು ಅವಸರಿಸುತ್ತದೆ, ಇಲ್ಲವೇ ಹಣ ಕೊಡುತ್ತೇನೆಂದು ಆಸೆ ಹುಟ್ಟಿಸುತ್ತದೆ. ಅದರಲ್ಲಿರುವ ಗುಂಡಿಯನ್ನು ಒತ್ತಬೇಡಿ, ಅದು ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ. ನಿಮ್ಮ ಕಾರ್ಡನ್ನು ಈಗಲೇ ಹೊರತೆಗೆದು ಹಿಂಬದಿಯ ನಂಬರನ್ನು ಫೋನಿನಲ್ಲಿ ಸೇರಿಸಿಟ್ಟುಕೊಳ್ಳಿ, ಅನುಮಾನ ಬಂದಾಗ ಅದಕ್ಕೇ ಕೇಳಿ. ಬ್ಯಾಂಕಿಗೆ ಒಂದು ಪಾಸ್‌ವರ್ಡ್, ಮೇಲ್‌ಗೆ ಇನ್ನೊಂದು ಇರಲಿ. ಒಟಿಪಿ ಬಂದಾಗ ಅಂಕಿಗಿಂತ ಮೊದಲು ಅದರ ಜೊತೆಗಿರುವ ಮಾತನ್ನು ಓದಿ. ಗೊತ್ತಿದ್ದವರಿಂದಲೇ ಮೇಲ್ ಬಂದರೂ, ಹಣದ ಮಾತಿದ್ದರೆ, ಆಸ್ಪತ್ರೆಯ ಆ ಹಿರಿಯರ ಹಾಗೆ ಒಮ್ಮೆ ಬಾಯಿಬಿಟ್ಟು ಕೇಳಿ.

ಅಷ್ಟೆಲ್ಲ ಗೊತ್ತಿದ್ದೂ ಕೈ ತಪ್ಪಿ ಒತ್ತಿಬಿಟ್ಟರೆ ತಕ್ಷಣ ಬ್ಯಾಂಕಿಗೆ ಹೇಳಿ, ಪೊಲೀಸರಿಗೆ ಹೇಳಿ, ಆ ಮೇಲನ್ನು ಉಳಿಸಿಕೊಳ್ಳಿ. ನಾಚಿಕೆ ಪಡಬೇಕಾದವರು ಕದ್ದವರು, ನೀವಲ್ಲ.

ನಿಮಗೆ ಆಗಲೇ ಹಾಗಾಗಿದೆಯೇ? ಯಾರಿಗೂ ಹೇಳದೆ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೀರಾ? ಹಾಗಾದರೆ ನಿಮ್ಮ ಪಕ್ಕದಲ್ಲಿ ಕೂತಿರುವವರ ಕಡೆ ತಿರುಗಿ. ಈಗಲೇ ಹೇಳಿ.